ಅಧೀನತೆಯೂ ಅನ್ಯಾಯಸಹನೆಯೂ: ಪೇತ್ರನ ಮೊದಲನೆಯ ಪತ್ರಿಕೆ ಮತ್ತು ಅಂಕೋಲೆಯ ಕರನಿರಾಕರಣೆ

1

ಅನ್ಯಾಯವಾಗಿ ಬಾಧೆಪಡುವವನು ತನ್ನ ಮೇಲಿನ ಅಧಿಕಾರದ ವಿಷಯದಲ್ಲಿ ಹೇಗೆ ನಡೆದುಕೊಳ್ಳತಕ್ಕದ್ದೆಂಬ ಪ್ರಶ್ನೆಯನ್ನು ಕ್ರೈಸ್ತರ ಹೊಸ ಒಡಂಬಡಿಕೆಯ ಗ್ರಂಥಗಳೊಳಗೆ ಅತ್ಯಂತ ನೇರವಾಗಿ ಎತ್ತಿಕೊಂಡಿರುವುದು ಪೇತ್ರನ ಮೊದಲನೆಯ ಪತ್ರಿಕೆಯು. ಅದರ ಎರಡನೆಯ ಅಧ್ಯಾಯದ 13ರಿಂದ 25ರವರೆಗಿನ ವಾಕ್ಯಗಳಲ್ಲಿ ಮೊದಲು ಅರಸರಿಗೂ ಅಧಿಪತಿಗಳಿಗೂ ಪ್ರಜೆಗಳು ಅಧೀನರಾಗಿರಬೇಕೆಂದು ಹೇಳಿದೆ. ಬಳಿಕ ಮನೆಯಾಳುಗಳು ಒಳ್ಳೆಯ ಯಜಮಾನರಿಗೆ ಮಾತ್ರವಲ್ಲದೆ ವಕ್ರರಾದವರಿಗೂ ಅಧೀನರಾಗಿರಬೇಕೆಂದು ಹೇಳಿದೆ. ಕೊನೆಗೆ ಕ್ರಿಸ್ತನ ಬಾಧೆಯನ್ನು ಅದಕ್ಕೆ ನಿದರ್ಶನವಾಗಿ ಇರಿಸಿದೆ.

ಈ ಭಾಗವನ್ನು ಓದಿದವರು ಎರಡು ಪಂಗಡವಾಗಿದ್ದಾರೆ. ಒಂದು ಪಂಗಡದವರು ಇದನ್ನು ಆಳುವವರಿಗೆ ಅನುಕೂಲವಾದ ಶಾಸನವನ್ನಾಗಿ ಬಳಸಿಕೊಂಡರು. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ 1865ರಲ್ಲಿ ಗುಲಾಮಗಿರಿಯು ಕೊನೆಗಾಣುವವರೆಗೂ ಗುಲಾಮರ ಒಡೆಯರ ಪಕ್ಷದ ಬೋಧಕರು ಇಂತಹ ವಾಕ್ಯಗಳನ್ನೇ ಮುಂದೊಡ್ಡುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ಇನ್ನೊಂದು ಪಂಗಡದವರು ಅದೇ ಕಾರಣದಿಂದ ಇದನ್ನು ದಾಸ್ಯಬೋಧೆಯೆಂದು ತಳ್ಳಿಬಿಟ್ಟರು. ಎರಡು ಪಂಗಡಗಳೂ ಪಾಠದ ಅರ್ಥದಲ್ಲಿ ಒಮ್ಮತವುಳ್ಳವು. ಅದನ್ನು ಕೊಳ್ಳಬೇಕೋ ಬಿಡಬೇಕೋ ಎಂಬಲ್ಲಿ ಮಾತ್ರ ಭೇದ. ಆ ಅರ್ಥವೇ ಸರಿಯಾದುದೇ ಎಂಬುದು ಪ್ರಕೃತ ಲೇಖನದ ವಿಚಾರವು.

ಈ ವಿಚಾರಕ್ಕೆ ಉತ್ತರ ಕನ್ನಡದ ಕರಾವಳಿಯು ತಕ್ಕ ನೆಲೆಯಾಗಿದೆ. ಕಾರವಾರ ಅಂಕೋಲೆಗಳಲ್ಲಿ ಈ ಪತ್ರಿಕೆಯನ್ನು ಆರಾಧನೆಯಲ್ಲಿ ಓದಿ ಕೇಳುವ ಕ್ರೈಸ್ತ ಸಮಾಜವಿದೆ. ಕಾರವಾರವು 1976ರಿಂದ ಒಂದು ಕೆಥೋಲಿಕ ಧರ್ಮಪ್ರಾಂತದ ಪೀಠವೂ ಆಗಿದೆ. ಇದೇ ನೆಲದಲ್ಲಿ 1930ರಿಂದ 1934ರವರೆಗೆ ಅಂಕೋಲೆಯ ರೈತರು, ಹೆಚ್ಚಿನವರು ಕ್ರೈಸ್ತರಲ್ಲದವರು, ಅನ್ಯಾಯವೆಂದು ತಾವು ಕಂಡ ಅಧಿಕಾರದ ಮುಂದೆ ಕೈಯೆತ್ತದೆ ಬಾಧೆಪಟ್ಟರು. ಆದರೆ ಆ ಅಧಿಕಾರವು ಕೇಳಿದ ಕರವನ್ನು ಕೊಡಲಿಲ್ಲ. ಅವರ ನಡತೆಯು ಪತ್ರಿಕೆಯ ಬೋಧೆಗೆ ವಿರುದ್ಧವೋ, ಅನುಗುಣವೋ? ಈ ಪ್ರಶ್ನೆಯು ಪಾಠದ ಅರ್ಥವನ್ನು ಒರೆಗೆ ಹಚ್ಚಲು ಸಹಾಯಕವಾಗುವುದು.

2

ಮೊದಲು ಶಬ್ದವಿಚಾರ. ಬೈಬಲಿನ ಸಮಗ್ರ ಕನ್ನಡ ಭಾಷಾಂತರವು ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸನ ಯತ್ನದಿಂದ 1831ರಲ್ಲಿ ಪೂರ್ಣವಾಯಿತು. ಅನಂತರ ಹಲವು ಪರಿಷ್ಕರಣಗಳು ನಡೆದವು. ಬಹುಕಾಲ ಬಳಕೆಯಲ್ಲಿರುವ ಪಾಠದಲ್ಲಿ ನಮ್ಮ ಪ್ರಕರಣದ ಪ್ರಧಾನಶಬ್ದವು ‘ಅಧೀನ’ ಎಂಬುದು. ಮೂಲ ಗ್ರೀಕಿನ ಕ್ರಿಯಾಪದವು ‘ಹುಪೊತಾಸ್ಸೊ’. ‘ತಾಸ್ಸೊ’ ಎಂದರೆ ಸಾಲಿನಲ್ಲಿ ಅಣಿಯಾಗಿ ನಿಲ್ಲಿಸು. ‘ಹುಪೊ’ ಎಂದರೆ ಕೆಳಗೆ. ಕ್ರಮದಲ್ಲಿ ಕೆಳಗಿನ ಸ್ಥಾನದಲ್ಲಿ ತನ್ನನ್ನು ನಿಲ್ಲಿಸಿಕೊಳ್ಳುವುದೆಂಬುದು ಇಲ್ಲಿಯ ಭಾವ. ಹೇಳಿದ ಮಾತನ್ನು ಕೇಳಿ ನಡೆಯುವುದೆಂಬ ಅರ್ಥಕ್ಕೆ ಗ್ರೀಕಿನಲ್ಲಿ ‘ಹುಪಾಕೂವೊ’ ಎಂಬ ಬೇರೆ ಧಾತುವೇ ಇದೆ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ದಾಸರಿಗೆ ಹೇಳುವಾಗ ಬಂದಿರುವುದು ಆ ಎರಡನೆಯ ಶಬ್ದ. ಪೇತ್ರನ ಪತ್ರಿಕೆಯ ಕರ್ತೃವು ಅದನ್ನು ಅರಿಯದವನಲ್ಲ. ಮೂರನೆಯ ಅಧ್ಯಾಯದಲ್ಲಿ ಸಾರಳ ವಿಷಯವಾಗಿ ಅದನ್ನು ಬಳಸಿದ್ದಾನೆ. ಮನೆಯಾಳುಗಳ ಪ್ರಕರಣದಲ್ಲಿ ಮಾತ್ರ ಮೊದಲನೆಯದನ್ನೇ ಇಟ್ಟನು. ಈ ಎರಡು ಶಬ್ದಗಳು ಹಲವೆಡೆ ಒಂದರ ಹತ್ತಿರ ಒಂದು ಬರುವುದುಂಟು. ಆದರೂ ಸ್ಥಾನವನ್ನು ಒಪ್ಪುವುದೂ ಪ್ರತಿಯೊಂದು ಆಜ್ಞೆಯನ್ನು ಒಪ್ಪುವುದೂ ಒಂದೇ ಅಲ್ಲ.

ಕನ್ನಡದ ‘ಅಧೀನ’ ಶಬ್ದದಲ್ಲಿ ಈ ಭೇದವು ಮುಚ್ಚಿಹೋಗುವುದು. ಅಧೀನವಾಗಿರುವುದು ವಸ್ತುವೂ ಆಗಬಹುದು, ವ್ಯಕ್ತಿಯೂ ಆಗಬಹುದು. ಕಂದಾಯದ ಮಾತಿನಲ್ಲಿ ಜಮೀನು ಸರಕಾರದ ಸ್ವಾಧೀನಕ್ಕೆ ಹೋಗುವುದು, ರೋಗಿಯು ಪರಾಧೀನನಾಗುವನು. ಇವೆಲ್ಲ ಇನ್ನೊಬ್ಬರ ವಶದಲ್ಲಿ ಬಿದ್ದಿರುವ ಸ್ಥಿತಿಯನ್ನು ಹೇಳುತ್ತವೆ. ತಾನಾಗಿ ನಿಂತ ನಿಲುವನ್ನು ಹೇಳುವುದಿಲ್ಲ. ಆದಕಾರಣ ಕನ್ನಡದ ಓದುಗನಿಗೆ ಪತ್ರಿಕೆಯು ‘ವಶದಲ್ಲಿ ಬಿದ್ದಿರಿ’ ಎಂದು ಹೇಳಿದಂತೆ ಕೇಳಿಸುವುದು ಸಹಜ.

ಎರಡನೆಯದಾಗಿ 17ನೆಯ ವಾಕ್ಯ. ಅಲ್ಲಿ ನಾಲ್ಕು ಚಿಕ್ಕ ವಿಧಿಗಳಿವೆ: ಎಲ್ಲರನ್ನೂ ಗೌರವಿಸುವುದು, ಸಹೋದರವರ್ಗವನ್ನು ಪ್ರೀತಿಸುವುದು, ದೇವರಿಗೆ ಭಯಪಡುವುದು, ಅರಸನನ್ನು ಗೌರವಿಸುವುದು. ಎಲ್ಲರಿಗೂ ಸಲ್ಲುವ ಕ್ರಿಯಾಪದವೇ ಅರಸನಿಗೂ ಸಂದಿದೆ. ಭಯವೆಂಬುದು ದೇವರೊಬ್ಬನಿಗೆ ಮೀಸಲು. ಅರಸನನ್ನು ಕೀಳುಗಳೆದಿಲ್ಲ, ಆದರೆ ಬೀದಿಯ ಮನುಷ್ಯನಿಗಿಂತ ಮೇಲಾದ ಶಬ್ದವನ್ನೂ ಅವನಿಗೆ ಕೊಟ್ಟಿಲ್ಲ. ಚಕ್ರವರ್ತಿಯ ಪ್ರತಿಮೆಯ ಮುಂದೆ ಧೂಪ ಹಾಕಬೇಕೆನ್ನುವ ರಾಜ್ಯದಲ್ಲಿ ಬರೆದ ವಾಕ್ಯವೆಂಬುದನ್ನು ನೆನೆದರೆ ಇದರ ಭಾರವು ತಿಳಿಯುವುದು. ಇದಕ್ಕೆ ಹಿಂದಿನ ವಾಕ್ಯದಲ್ಲಿಯೇ ಓದುಗರನ್ನು ಸ್ವತಂತ್ರರೆಂದು ಕರೆದಿದೆ. ಅಧೀನತೆಯನ್ನು ಬೋಧಿಸುವ ಪ್ರಕರಣದ ನಡುವೆ ಸ್ವಾತಂತ್ರ್ಯಶಬ್ದವು ಬಂದಿರುವುದು ಆಕಸ್ಮಿಕವಲ್ಲ. ಸ್ವತಂತ್ರನಾದವನು ಮಾತ್ರವೇ ತನ್ನನ್ನು ತಾನು ಕೆಳಗೆ ನಿಲ್ಲಿಸಿಕೊಳ್ಳಬಲ್ಲನು.

ಮೂರನೆಯದಾಗಿ 21ನೆಯ ವಾಕ್ಯದ ‘ಹುಪೊಗ್ರಮ್ಮೊಸ್’ ಎಂಬ ಶಬ್ದ. ಇದನ್ನು ಸಾಮಾನ್ಯವಾಗಿ ‘ಮಾದರಿ’ ಎಂದು ಕನ್ನಡಿಸಿದ್ದಾರೆ. ಮೂಲದಲ್ಲಿ ಇದು ಬರಹ ಕಲಿಯುವ ಮಕ್ಕಳು ನೋಡಿ ತಿದ್ದುವುದಕ್ಕಾಗಿ ಗುರುವು ಬರೆದುಕೊಟ್ಟ ಅಕ್ಷರಗಳಿಗೆ ಹೆಸರು. ಕನ್ನಡದಲ್ಲಿ ಇದಕ್ಕೆ ‘ಮೇಲ್ಪಂಕ್ತಿ’ ಎಂಬ ಶಬ್ದವು ಅಚ್ಚುಹಾಕಿದಂತೆ ಹೊಂದುವುದು. ಪಾಠಶಾಲೆಯ ಮೂಲಾರ್ಥವೂ ನಡತೆಯ ಲಕ್ಷ್ಯಾರ್ಥವೂ ಎರಡರಲ್ಲಿಯೂ ಒಂದೇ. ಸ್ವಾರಸ್ಯವೇನೆಂದರೆ, ಮೇಲ್ಪಂಕ್ತಿಯನ್ನು ನೋಡಿ ಬರೆಯಬೇಕಾದರೆ ಅದರ ಒಂದಕ್ಷರವನ್ನೂ ಬಿಡುವಂತಿಲ್ಲ. ಆ ಮೇಲ್ಪಂಕ್ತಿಯಲ್ಲಿ ಮೌನವೊಂದೇ ಬರೆದಿದೆಯೇ? ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಮಹಾಯಾಜಕನ ಮುಂದೆ ಒಬ್ಬ ಓಲೇಕಾರನು ಯೇಸುವಿನ ಕೆನ್ನೆಗೆ ಹೊಡೆಯುತ್ತಾನೆ. ಆಗ ಯೇಸುವು ತಿರುಗಿ ಹೊಡೆಯುವುದಿಲ್ಲ, ಬೈಯುವುದಿಲ್ಲ. ಆದರೆ ತಾನು ಸರಿಯಾಗಿ ಮಾತನಾಡಿದ್ದರೆ ಹೊಡೆದ ಕಾರಣವೇನೆಂದು ಕೇಳುತ್ತಾನೆ. ಕಾರಣ ಕೇಳುವುದು ಬೈಗುಳವಲ್ಲ, ದಂಗೆಯೂ ಅಲ್ಲ. ಪೇತ್ರನ ಪತ್ರಿಕೆಯೂ ಮೂರನೆಯ ಅಧ್ಯಾಯದಲ್ಲಿ, ವಿಚಾರಿಸುವವರಿಗೆ ಸಾತ್ವಿಕತೆಯಿಂದ ಉತ್ತರ ಕೊಡಲು ಸಿದ್ಧರಾಗಿರಬೇಕೆಂದು ಹೇಳುತ್ತದೆ. ಬಾಧೆಪಡುವವನು ಬಾಯಿಲ್ಲದವನಾಗಿರಬೇಕೆಂಬುದು ಪಾಠದ ಮತವಲ್ಲ.

3

ಇನ್ನು ಪತ್ರಿಕೆಯನ್ನು ಯಾರಿಗೆ ಬರೆದುದೆಂಬ ವಿಚಾರ. ಮೇಲುವಿಳಾಸದಲ್ಲಿ ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಎಂಬ ಐದು ಹೆಸರುಗಳಿವೆ. ಇವು ಇಂದಿನ ತುರ್ಕಿದೇಶದ ಭಾಗಗಳು. ಕ್ರಿ. ಶ. 112ರ ಸುಮಾರಿಗೆ ಬಿಥೂನ್ಯ-ಪೊಂತ ಪ್ರಾಂತದ ಅಧಿಪತಿಯಾಗಿದ್ದ ಪ್ಲಿನಿಯು ಚಕ್ರವರ್ತಿ ತ್ರಾಜಾನನಿಗೆ ಬರೆದ ಕಾಗದವೊಂದು ಉಳಿದುಬಂದಿದೆ. ಕ್ರೈಸ್ತರೆಂದು ಮೂರು ಸಲ ಒಪ್ಪಿಕೊಂಡು ಹಠದಿಂದ ನಿಂತವರನ್ನು ಕೊಲ್ಲಿಸಿದೆನೆಂದೂ, ಸಭೆಯ ಸೇವಕಿಯರೆನಿಸಿದ್ದ ಇಬ್ಬರು ದಾಸಿಯರನ್ನು ಹಿಂಸೆಪಡಿಸಿ ವಿಚಾರಿಸಿದೆನೆಂದೂ ಅವನೇ ತಿಳಿಸಿದ್ದಾನೆ. ಪತ್ರಿಕೆಯನ್ನು ಕೇಳುತ್ತಿದ್ದ ಜನರ ಸ್ಥಿತಿಯು ಎಂತಹುದಾಗಿತ್ತೆಂಬುದಕ್ಕೆ ಆಳುವವನ ಕೈಬರಹಕ್ಕಿಂತ ಬಲವಾದ ಸಾಕ್ಷ್ಯವು ಬೇಕಿಲ್ಲ. ರೋಮನ್ ಕಾಯಿದೆಯಲ್ಲಿ ದಾಸನಿಗೆ ಯಜಮಾನನ ಮನೆಯನ್ನು ಬಿಟ್ಟುಹೋಗುವ ಹಕ್ಕಿರಲಿಲ್ಲ. ಸಹಿಸುವುದೋ ಬಿಡುವುದೋ ಎಂಬ ಆಯ್ಕೆಯೇ ಇರದವನಿಗೆ ಸಹಿಸೆಂದು ಹೇಳುವುದರ ತಾತ್ಪರ್ಯವೇನು? ಹೊಡೆತವು ಹೇಗಾದರೂ ಬೀಳುವುದೇ. ಅದು ಬೀಳುವಾಗ ನೀನು ಯಾರಾಗಿರುವೆ ಎಂಬುದನ್ನು ಹೊಡೆಯುವವನು ಗೊತ್ತುಮಾಡಲಾರನು ಎಂಬುದೇ. ಇದಕ್ಕಾಗಿಯೇ 24ನೆಯ ವಾಕ್ಯದಲ್ಲಿ ಕ್ರಿಸ್ತನ ಮೈಮೇಲಿನ ಬಾಸುಂಡೆಗಳ ಮಾತು ಬಂದಿದೆ. ಬಾಸುಂಡೆಯೂ ಶಿಲುಬೆಯೂ ಆ ಕಾಲದಲ್ಲಿ ದಾಸನ ಶಿಕ್ಷೆಯ ಗುರುತುಗಳು. ಪತ್ರಿಕೆಯು ದಾಸನನ್ನು ಯಜಮಾನನಂತೆ ಆಗೆನ್ನುವುದಿಲ್ಲ; ಕ್ರಿಸ್ತನನ್ನೇ ದಾಸನ ಮೈಯಲ್ಲಿ ತೋರಿಸುತ್ತದೆ.

ಕೆನರಾ ಪ್ರಾಂತದ ಕ್ರೈಸ್ತರಿಗೂ ಇಂತಹ ಆಯ್ಕೆಯಿಲ್ಲದ ಬಾಧೆಯು ಒಮ್ಮೆ ಒದಗಿತ್ತು. ಎರಡನೆಯ ಮೈಸೂರು ಯುದ್ಧದ ಕೊನೆಯಲ್ಲಿ, 1784ರಲ್ಲಿ, ಇವರು ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ ಟೀಪೂ ಸುಲ್ತಾನನು ಇಲ್ಲಿಯ ಕೆಥೋಲಿಕ ಕುಟುಂಬಗಳನ್ನು ಹಿಡಿಸಿ ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರು ಒಮ್ಮತದವರಲ್ಲ. ಬಹುಜನರು ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತರೆಂಬುದು, ಉಳಿದವರು 1799ರಲ್ಲಿ ಪಟ್ಟಣವು ಬಿದ್ದ ಮೇಲೆ ಮರಳಿದರೆಂಬುದು ನಿರ್ವಿವಾದ. ಅವರೊಳಗಿನ ತಪ್ಪಿತಸ್ಥರು ಯಾರೇ ಆಗಿರಲಿ, ಹೆಂಗಸರೂ ಮಕ್ಕಳೂ ತೆತ್ತುದು ತಾವು ಮಾಡದ ತಪ್ಪಿಗೆ. ಇಂತಹವರಿಗೆ ಪೇತ್ರನ ಮಾತು ಆಜ್ಞೆಯಾಗಿ ಅಲ್ಲ, ಜೊತೆಯಾಗಿ ಬರುವುದು.

ಆದರೆ ಆಯ್ಕೆಯುಳ್ಳವನು ಏನು ಮಾಡತಕ್ಕದ್ದು? ಇದಕ್ಕೂ ಹೊಸ ಒಡಂಬಡಿಕೆಯಲ್ಲಿ ಉತ್ತರವುಂಟು. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಫಿಲಿಪ್ಪಿಯ ಅಧಿಕಾರಿಗಳು ಪೌಲನನ್ನು ವಿಚಾರಣೆಯಿಲ್ಲದೆ ಹೊಡೆಸಿ ಸೆರೆಯಲ್ಲಿಟ್ಟು, ಮರುದಿನ ಗುಟ್ಟಾಗಿ ಬಿಟ್ಟುಬಿಡಲು ನೋಡುತ್ತಾರೆ. ಪೌಲನು ತಾನು ರೋಮನ್ ಪ್ರಜೆಯೆಂದು ತಿಳಿಸಿ, ಅವರೇ ಬಂದು ಬಿಡಿಸಿಕೊಂಡುಹೋಗಲೆಂದು ಪಟ್ಟುಹಿಡಿಯುತ್ತಾನೆ. ಏಟನ್ನು ತಿಂದನು, ಅನ್ಯಾಯವನ್ನು ನ್ಯಾಯವೆಂದು ಒಪ್ಪಲಿಲ್ಲ. ಅದೇ ಗ್ರಂಥದ ಐದನೆಯ ಅಧ್ಯಾಯದಲ್ಲಿ ಪೇತ್ರನೇ ಹಿರೀಸಭೆಯ ಮುಂದೆ ನಿಂತು, ಮನುಷ್ಯರ ಮಾತಿಗಿಂತ ದೇವರ ಮಾತು ದೊಡ್ಡದೆಂದು ಹೇಳಿ ಬೋಧನೆಯನ್ನು ನಿಲ್ಲಿಸಲೊಪ್ಪುವುದಿಲ್ಲ. ಏಟು ತಿಂದು ಹೊರಬಂದು ಮತ್ತೆ ಬೋಧಿಸುತ್ತಾನೆ. ಪತ್ರಿಕೆಯ ಕರ್ತೃವು ಈ ಪೇತ್ರನೇ ಹೌದೋ ಅಲ್ಲವೋ ಎಂಬುದು ಪಂಡಿತರಲ್ಲಿ ವಾದಗ್ರಸ್ತವಾದರೂ, ಅವನ ಹೆಸರಿನಲ್ಲಿ ಓದಲಾಗುವ ಬೋಧೆಯನ್ನು ಅವನ ಈ ನಡತೆಯಿಂದ ಬೇರ್ಪಡಿಸಿ ಓದುವುದು ಉಚಿತವಲ್ಲ.

4

ಕನ್ನಡಿಗರಿಗೆ ಈ ಸಮಸ್ಯೆಯು ಹೊಸದಲ್ಲ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಅರಸನು ರಾಜ್ಯವನ್ನು ಕಳೆದುಕೊಂಡು ಕಾಶಿಯಲ್ಲಿ ವೀರಬಾಹುಕನಿಗೆ ಆಳಾಗುತ್ತಾನೆ, ಸ್ಮಶಾನವನ್ನು ಕಾಯುತ್ತಾನೆ, ಕೊನೆಗೆ ಹೆಂಡತಿಯ ತಲೆಯನ್ನು ಕಡಿಯೆಂಬ ಆಜ್ಞೆಗೂ ಕತ್ತಿಯನ್ನೆತ್ತುತ್ತಾನೆ. ಮೇಲುನೋಟಕ್ಕೆ ಇದು ವಕ್ರನಾದ ಒಡೆಯನಿಗೆ ತೋರಿದ ಅಧೀನತೆಯ ಪರಾಕಾಷ್ಠೆ. ಆದರೆ ಹರಿಶ್ಚಂದ್ರನು ಬದ್ಧನಾಗಿರುವುದು ಒಡೆಯನಿಗಲ್ಲ, ತಾನು ಆಡಿದ ಮಾತಿಗೆ. ವಿಶ್ವಾಮಿತ್ರನು ಗಾಣರಾಣಿಯರನ್ನು ಮದುವೆಯಾದರೆ ಎಲ್ಲವನ್ನೂ ಹಿಂದಕ್ಕೆ ಕೊಡುವೆನೆಂದಾಗ ಅದನ್ನು ಅವನು ನಿರಾಕರಿಸುತ್ತಾನೆ. ಸುಖವನ್ನೊಡ್ಡುವ ಅಧಿಕಾರಕ್ಕೆ ಇಲ್ಲವೆಂದವನು ದುಃಖವನ್ನೊಡ್ಡುವ ಅಧಿಕಾರಕ್ಕೆ ಹೌದೆನ್ನುತ್ತಾನೆ. ಎರಡರ ಮೂಲವೂ ಸತ್ಯನಿಷ್ಠೆಯೊಂದೇ. ಪೇತ್ರನ ಮನೆಯಾಳು ಹೀಗೆ ಮಾತು ಕೊಟ್ಟು ಆಳಾದವನಲ್ಲ; ಅವನು ಮಾರಲ್ಪಟ್ಟವನು, ಇಲ್ಲವೆ ದಾಸಿಯ ಹೊಟ್ಟೆಯಲ್ಲಿ ಹುಟ್ಟಿದವನು. ಆದಕಾರಣ ಪತ್ರಿಕೆಯು ಅವನ ನಿಷ್ಠೆಯನ್ನು ಆಡಿದ ಮಾತಿನ ಮೇಲೆ ನಿಲ್ಲಿಸದೆ, ನ್ಯಾಯವಾಗಿ ತೀರ್ಪುಕೊಡುವವನ ಮೇಲೆ ನಿಲ್ಲಿಸಿದೆ. ಎರಡು ಕಡೆಯಲ್ಲಿಯೂ ಯಜಮಾನನ ತಲೆಯ ಮೇಲೆ ಇನ್ನೊಂದು ಪ್ರಮಾಣವಿದೆಯೆಂಬುದು ಸಮಾನಾಂಶ. ಹೆಂಡತಿಯ ತಲೆಯ ಪ್ರಸಂಗದಲ್ಲಿ ಕಾಶಿಯ ವಿಶ್ವನಾಥನೇ ಬಂದು ಕತ್ತಿಯನ್ನು ತಡೆಯುವನೆಂಬುದು ಆ ಪ್ರಮಾಣದ ಕಾವ್ಯರೂಪ.

ಪ್ರಹ್ಲಾದನ ಕಥೆಯು ಇನ್ನೊಂದು ಬಗೆಯದು. ಅವನು ತಂದೆಯನ್ನು ಬಿಟ್ಟೋಡಲಿಲ್ಲ, ತಂದೆಯ ಮೇಲೆ ಕೈಮಾಡಲಿಲ್ಲ, ಆನೆ ಹಾವು ಬೆಂಕಿಗಳಿಗೆ ಮೈಯೊಡ್ಡಿದನು; ತಂದೆಯು ಹೇಳೆಂದ ಮಾತೊಂದನ್ನು ಮಾತ್ರ ಹೇಳಲಿಲ್ಲ. ಭಾಗವತದಲ್ಲಿ ಕೊನೆಗೆ ಅವನು ತಂದೆಯ ಸದ್ಗತಿಯನ್ನೇ ಬೇಡುತ್ತಾನೆ. ಅಧೀನತೆಯೂ ನಿರಾಕರಣೆಯೂ ಒಬ್ಬನಲ್ಲಿಯೇ ಕೂಡಿರಬಲ್ಲವೆಂಬುದಕ್ಕೆ ಇದಕ್ಕಿಂತ ತಿಳಿಯಾದ ನಿದರ್ಶನವಿಲ್ಲ. ಗಾಂಧಿಯವರು ಸತ್ಯಾಗ್ರಹಿಗಳ ಹೆಸರನ್ನು ಹೇಳುವಾಗ ಪ್ರಹ್ಲಾದನನ್ನೂ, ಸಿಂಹದ ಗವಿಗೆ ಹೋದ ದಾನಿಯೇಲನನ್ನೂ, ಸಾಕ್ರಟೀಸನನ್ನೂ, ಯೇಸುವನ್ನೂ ಎಣಿಸುತ್ತಿದ್ದುದರ ಮರ್ಮವಿದು. ಶಿಕ್ಷೆಗೆ ಒಳಗಾಗುವುದು, ಆಜ್ಞೆಗೆ ಒಳಗಾಗದಿರುವುದು: ಈ ಎರಡನ್ನು ಬಿಡಿಸಿ ನೋಡಿದುದು ಅವರ ವ್ಯಾಖ್ಯಾನದ ಸಾರ. ಈ ವ್ಯಾಖ್ಯಾನವೇ ಅಂಕೋಲೆಯಲ್ಲಿ ಆಚರಣೆಗೆ ಬಂದಿತು.

5

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಮುಂದೆ ಅಂಕೋಲೆ ಸಿದ್ಧಾಪುರ ತಾಲೂಕುಗಳ ರೈತರು ಭೂಕಂದಾಯವನ್ನು ಕೊಡುವುದಿಲ್ಲವೆಂದು ನಿಂತರು. ಲೋಕವ್ಯಾಪಿಯಾದ ಆರ್ಥಿಕ ಮುಗ್ಗಟ್ಟಿನಲ್ಲಿ ಬೆಳೆಯ ಬೆಲೆಯು ಇಳಿದಿದ್ದ ಕಾಲವದು. 1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಡಂಬಡಿಕೆಯಿಂದ ಚಳುವಳಿಯು ತಡೆದು ನಿಂತಿತು. 1932ರಲ್ಲಿ ಮತ್ತೆ ತೊಡಗಿತು. ಸರಕಾರವು ದನಕರುಗಳನ್ನೂ ಪಾತ್ರೆಪಡಗಗಳನ್ನೂ ಜಪ್ತಿಮಾಡಿ ಲಿಲಾವು ಕೂಗಿತು. ಜಮೀನುಗಳನ್ನು ಮುಟ್ಟುಗೋಲು ಹಾಕಿತು. ಗಂಡಸರೂ ಹೆಂಗಸರೂ ಸೆರೆಮನೆಗೆ ಹೋದರು. 1934ರಲ್ಲಿ ಗಾಂಧಿಯವರು ಈ ಜಿಲ್ಲೆಗೆ ಬಂದು ನಷ್ಟಪಟ್ಟ ಜನರನ್ನು ಕಂಡರು. 1937ರಲ್ಲಿ ಬಾಳ ಗಂಗಾಧರ ಖೇರರ ಮಂತ್ರಿಮಂಡಲವು ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದ ಮೇಲೆ ಕಳೆದ ಜಮೀನುಗಳು ರೈತರಿಗೆ ಮರಳುವ ಏರ್ಪಾಡಾಯಿತು. ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಅಂಕೋಲೆಗೆ ಬಂದುದು ಹೀಗೆ.

ಈ ನಡತೆಯನ್ನು ಪತ್ರಿಕೆಯ ಪಕ್ಕದಲ್ಲಿಟ್ಟು ನೋಡೋಣ. ಸಾಮ್ಯಗಳು ಸ್ಪಷ್ಟವಾಗಿವೆ. ಜಪ್ತಿಗೆ ಬಂದವನನ್ನು ಹೊಡೆಯುವುದಿಲ್ಲವೆಂಬುದು ಚಳುವಳಿಯ ನಿಯಮವಾಗಿತ್ತು. ಶಿಕ್ಷೆಯನ್ನು ತಪ್ಪಿಸಿಕೊಳ್ಳದೆ ಬಹಿರಂಗವಾಗಿ ಅನುಭವಿಸುವುದೂ ನಿಯಮವಾಗಿತ್ತು. ಕೊಲೆಗಾರನಾಗಿಯೋ ಕಳ್ಳನಾಗಿಯೋ ಬಾಧೆಪಡುವುದರಲ್ಲಿ ಹಿರಿಮೆಯಿಲ್ಲವೆಂದು ಪತ್ರಿಕೆಯ ನಾಲ್ಕನೆಯ ಅಧ್ಯಾಯವು ಹೇಳುವ ವಿವೇಚನೆಯೂ ಇಲ್ಲಿದೆ; ಕರವನ್ನು ಕೊಡದವನು ಕದ್ದವನಲ್ಲವೆಂಬುದನ್ನು ತೋರಿಸುವುದಕ್ಕಾಗಿಯೇ ಮೈಯನ್ನೂ ಮನೆಯನ್ನೂ ಒಡ್ಡಿದರು.

ಭೇದಗಳೂ ಅಷ್ಟೇ ಸ್ಪಷ್ಟವಾಗಿವೆ. ಮೊದಲನೆಯದು, ಪೇತ್ರನ ಮನೆಯಾಳು ಬಾಧೆಯನ್ನು ಆರಿಸಿಕೊಂಡವನಲ್ಲ, ಅಂಕೋಲೆಯ ರೈತನು ಆರಿಸಿಕೊಂಡವನು. ಕಂದಾಯವನ್ನು ಕಟ್ಟಿದ್ದರೆ ಅವನ ಎತ್ತು ಕೊಟ್ಟಿಗೆಯಲ್ಲಿಯೇ ಇರುತ್ತಿತ್ತು. ಎರಡನೆಯದು, ಪತ್ರಿಕೆಯು ತೀರ್ಪನ್ನು ದೇವರಿಗೆ ಒಪ್ಪಿಸಿ ಫಲವನ್ನು ಕಾಲದಾಚೆಗೆ ನೋಡುತ್ತದೆ. ಚಳುವಳಿಯು ಫಲವನ್ನು ಇಲ್ಲಿಯೇ, ಆಳುವವರ ಮನಸ್ಸಿನಲ್ಲಿಯೂ ಆಳಿಕೆಯ ರೀತಿಯಲ್ಲಿಯೂ ಬಯಸಿತು. ಮೂರನೆಯದು, ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವು ತೆರಿಗೆಯನ್ನು ಸಲ್ಲಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಕರನಿರಾಕರಣೆಯನ್ನು ಕ್ರೈಸ್ತ ಶಾಸ್ತ್ರದಿಂದಲೇ ಸಾಧಿಸಹೊರಟವನು ಈ ವಾಕ್ಯಕ್ಕೆ ಉತ್ತರ ಹೇಳಬೇಕಾಗುವುದು. ಆದುದರಿಂದ ಸತ್ಯಾಗ್ರಹವು ಪೇತ್ರನ ಬೋಧೆಯ ಭಾಷಾಂತರವೆಂದು ಹೇಳುವುದು ಅತಿವ್ಯಾಪ್ತಿ. ಅದು ಆ ಬೋಧೆಗೆ ವಿರುದ್ಧವೆನ್ನುವುದೂ ಸಲ್ಲದು. ದಾಸನ ಕೈಯಲ್ಲಿ ಇಲ್ಲದಿದ್ದ ಆಯ್ಕೆಯು ಕೈಗೆ ಬಂದಾಗ ಅದೇ ತಾಳ್ಮೆಯು ಯಾವ ರೂಪವನ್ನು ತಾಳಬಹುದೆಂಬುದನ್ನು ಅದು ತೋರಿಸುತ್ತದೆ.

6

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. ಹೀಗೆ ಅರ್ಥಮಾಡಿದರೆ ಪಾಠದ ಕಠಿಣತೆಯೇ ಕರಗಿಹೋಗಲಿಲ್ಲವೇ? ವಕ್ರನಾದ ಯಜಮಾನನಿಗೂ ಅಧೀನನಾಗಿರೆಂಬ ಮಾತನ್ನು ನಮಗೆ ಒಪ್ಪಿಗೆಯಾಗುವಂತೆ ಮೆದುಮಾಡಿಕೊಂಡಂತಾಗಲಿಲ್ಲವೇ?

ಶಂಕೆಯು ಯುಕ್ತವಾದುದೇ. ಪತ್ರಿಕೆಯು ದಾಸ್ಯವೆಂಬ ಪದ್ಧತಿಯನ್ನು ಎಲ್ಲಿಯೂ ಖಂಡಿಸಿಲ್ಲ; ಅದು ಆ ಗ್ರಂಥದ ಮಿತಿ, ಅದನ್ನು ಮರೆಮಾಚತಕ್ಕದ್ದಲ್ಲ. ಯಜಮಾನರಿಗೆ ಹೇಳುವ ಒಂದು ಮಾತೂ ಅಲ್ಲಿಲ್ಲ. ಎಫೆಸದವರ ಪತ್ರಿಕೆಯಲ್ಲಿಯೂ ಕೊಲೊಸ್ಸೆಯವರ ಪತ್ರಿಕೆಯಲ್ಲಿಯೂ ಇರುವ ಯಜಮಾನಧರ್ಮವು ಇಲ್ಲಿ ಬಿಟ್ಟುಹೋಗಿದೆ. ಆದರೆ ಈ ಕೊರತೆಯೇ ಒಂದು ಸಂಗತಿಯನ್ನು ಸೂಚಿಸುವುದು: ಪತ್ರಿಕೆಯು ಪೆಟ್ಟುತಿನ್ನುವವರೊಡನೆ ಮಾತನಾಡುತ್ತಿದೆ, ಹೊಡೆಯುವವರೊಡನೆ ಅಲ್ಲ. ಪೆಟ್ಟುತಿನ್ನುವವನಿಗೆ ಹೇಳಿದ ಮಾತನ್ನು ಹೊಡೆಯುವವನು ಎತ್ತಿಕೊಂಡು ಓದಿದೊಡನೆ ಅದರ ಅರ್ಥವು ತಲೆಕೆಳಗಾಗುವುದು. ಸೆರೆಯಾಳು ತನ್ನೊಳಗೆ ಹೇಳಿಕೊಳ್ಳುವ ‘ಸಹಿಸುವೆನು’ ಎಂಬುದಕ್ಕೂ ಕಾವಲುಗಾರನು ಅವನಿಗೆ ಹೇಳುವ ‘ಸಹಿಸು’ ಎಂಬುದಕ್ಕೂ ಇರುವ ಅಂತರವು ವ್ಯಾಕರಣದ ಪುರುಷಭೇದಕ್ಕಿಂತ ದೊಡ್ಡದು. ಪಾಠದ ಕಠಿಣತೆಯು ಕರಗಿಲ್ಲ. ಅದು ಯಾರಿಗೆ ಸಲ್ಲತಕ್ಕದ್ದೋ ಅವರಲ್ಲಿಯೇ ಉಳಿದಿದೆ. ಬೈಯಿಸಿಕೊಂಡು ಬೈಯದಿರುವುದು, ಹೊಡೆಸಿಕೊಂಡು ಹೊಡೆಯದಿರುವುದು, ಸೇಡನ್ನು ಕೈಯಾರೆ ಬಿಟ್ಟುಕೊಡುವುದು: ಇವು ಅಂಕೋಲೆಯ ರೈತನಿಗೂ ಸುಲಭವಾಗಿರಲಿಲ್ಲ, ಯಾರಿಗೂ ಸುಲಭವಲ್ಲ.

ಇದರಿಂದ ಫಲಿಸುವ ಸಿದ್ಧಾಂತವನ್ನು ಹೀಗೆ ಸಂಗ್ರಹಿಸಬಹುದು. ಪೇತ್ರನ ಪತ್ರಿಕೆಯ ಅಧೀನತೆಯು ಅಧಿಕಾರಕ್ಕೆ ಕೊಟ್ಟ ಒಪ್ಪಿಗೆಯಲ್ಲ, ಅಧಿಕಾರದ ಮುಂದೆ ತಾಳಿದ ನಿಲುವು. ಆ ನಿಲುವಿನಲ್ಲಿ ದ್ವೇಷಕ್ಕೂ ಹಿಂಸೆಗೂ ಸ್ಥಳವಿಲ್ಲ. ಪ್ರಶ್ನೆಗೆ ಸ್ಥಳವುಂಟು, ಉತ್ತರಕ್ಕೆ ಸ್ಥಳವುಂಟು, ದೇವರಿಗೆ ಸಲ್ಲತಕ್ಕುದನ್ನು ಅರಸನು ಕೇಳಿದಾಗ ನಿರಾಕರಣೆಗೂ ಸ್ಥಳವುಂಟು. ಆಯ್ಕೆಯಿಲ್ಲದವನಿಗೆ ಅದು ಆತ್ಮಗೌರವದ ರಕ್ಷೆ. ಆಯ್ಕೆಯುಳ್ಳವನಿಗೆ ತನ್ನ ನಿರಾಕರಣೆಯನ್ನು ಶುದ್ಧವಾಗಿಟ್ಟುಕೊಳ್ಳುವ ನಿಯಮ. ಆಳುವವನಿಗಾದರೋ ಅದರಲ್ಲಿ ಒಂದಕ್ಷರದ ಆಧಾರವೂ ಇಲ್ಲ.

ಈ ಭಾಗವನ್ನು ತರಗತಿಯಲ್ಲಿ ಪಾಠಹೇಳುವ ಅಧ್ಯಾಪಕರು ರೂಢವಾದ ‘ಅಧೀನ’ ಶಬ್ದವನ್ನು ತೆಗೆದುಹಾಕಬೇಕಾದುದಿಲ್ಲ. ಅದಕ್ಕೆ ‘ತಾನಾಗಿ ತಗ್ಗಿ ನಿಲ್ಲುವುದು’ ಎಂಬ ಟೀಕೆಯನ್ನು ಸೇರಿಸಿದರೆ ಸಾಕು. ‘ಮಾದರಿ’ ಎಂಬಲ್ಲಿ ‘ಮೇಲ್ಪಂಕ್ತಿ’ ಎಂಬುದನ್ನು ಸೂಚಿಸುವುದು ಒಳಿತು. ತಾಳ್ಮೆಯೆಂಬ ನಮ್ಮ ಶಬ್ದವೂ ತಾಳು ಎಂಬ ಧಾತುವಿನಿಂದ ಬಂದುದು. ತಾಳುವುದೆಂದರೆ ಸಹಿಸುವುದು, ಹೊರುವುದು, ಕೆಡದೆ ಬಾಳುವುದು ಎಂಬ ಮೂರರ್ಥಗಳೂ ಕನ್ನಡದಲ್ಲಿ ಜೀವಂತವಾಗಿವೆ. ಮೂರನ್ನೂ ಕೂಡಿಸಿ ಓದಿದಾಗ ಪತ್ರಿಕೆಯ ಮಾತು ನಮ್ಮ ಭಾಷೆಯಲ್ಲಿ ತನ್ನ ಪೂರ್ಣಾರ್ಥವನ್ನು ಪಡೆಯುವುದು.